ವಾಸಯೋಗ್ಯ

ಕಟ್ಟಡ ತಪಾಸಣೆಯ ಇನ್ಸ್‌ಪೆಕ್ಟರ್ ಹನ್ನೊಂದಕ್ಕೆ ಬರುವುದಾಗಿ ಹೇಳಿದ್ದರು. ಒಂಬತ್ತೂವರೆಗೇ ಅವನು ನೆಲಮಾಳಿಗೆಗೆ ಇಳಿದು, ಟೇಪಿನ ತುದಿಯನ್ನು ಚಪ್ಪಲಿಯಿಂದ ಹೊಸ ನೆಲಕ್ಕೆ ಒತ್ತಿ ಹಿಡಿದು, ಪಟ್ಟಿಯನ್ನು ಮೇಲಕ್ಕೆ ನೂಕಿ ಚಾವಣಿಗೆ ತಾಗಿಸಿದ. ಏಳು ಅಡಿ ಒಂದು ಇಂಚು. ನಿನ್ನೆಯೂ ಅಷ್ಟೇ ಇತ್ತು, ಮೊನ್ನೆಯೂ ಅಷ್ಟೇ. ಬೆಳಗಾಗುವುದರೊಳಗೆ ಚಾವಣಿ ಕೆಳಗಿಳಿದು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ನಾಲ್ಕು ಮೂಲೆಯಲ್ಲೂ ಅಳೆದ, ಕಿಟಕಿಯ ಹತ್ತಿರ ಅಳೆದ, ಕೊನೆಗೆ ಬೇಡ ಬೇಡವೆಂದುಕೊಂಡೇ ಕೋಣೆಯ ನಡುವೆ ಅಡ್ಡಲಾಗಿ ಹಾಯ್ದ ತೊಲೆಯ ಕೆಳಗೆ ಬಂದು ನಿಂತ. ಆರೂವರೆ ಅಡಿ. ಕಾನೂನು ಕೇಳುವುದೂ ತೊಲೆಯ ಕೆಳಗೆ ಆರೂವರೆಯೇ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ತೊಲೆಗೆ ಹಲಗೆ ಹೊಡೆದು ಮುಚ್ಚೋಣವೆಂದು ಅವನು ಅಂದಾಗ ಮೇಸ್ತ್ರಿ ತಲೆಯಾಡಿಸಿದ್ದ: ಹಲಗೆಯ ದಪ್ಪವೇ ಅರ್ಧ ಇಂಚು, ಆ ಅರ್ಧ ಇಂಚಿಗೆ ಇಷ್ಟು ದಿನದ ಕೆಲಸವೆಲ್ಲ ನೀರಿನಲ್ಲಿ ಹೋಮ. ಹಾಗಾಗಿ ತೊಲೆಗೆ ಬರೀ ಬಿಳಿ ಬಣ್ಣ ಬಳಿಸಿದ್ದಾಗಿತ್ತು. ಎರಡು ಸಲ ಬಳಿದರೂ ನಡುವೆ ಒಂದು ಮೊಳದಷ್ಟು ಉದ್ದಕ್ಕೆ ಎಣ್ಣೆಯ ಕಲೆ ಹಳದಿಯಾಗಿ ಮೇಲೆದ್ದು ಬಂದಿತ್ತು. ಮೂರನೆಯ ಸಲವನ್ನು ನಿನ್ನೆ ಅವನೇ ಬಳಿದಿದ್ದ. ಇವತ್ತು ಅದು ಮತ್ತೆ ಮೇಲೆದ್ದಿತ್ತು.

ಅದು ಅಣ್ಣನ ತಲೆಯ ಎಣ್ಣೆ. ಒಂಬತ್ತು ವರ್ಷ ಅವನ ನೆತ್ತಿ ದಿನಕ್ಕೆ ಹತ್ತು ಸಲ ಅಲ್ಲಿ ಉಜ್ಜಿ ಹೋಗಿತ್ತು. ಆಗ ನೆಲದಿಂದ ಚಾವಣಿಗೆ ಐದು ಅಡಿ ಹತ್ತು ಇಂಚು, ತೊಲೆಯ ಕೆಳಗೆ ಇನ್ನೂ ಕಡಿಮೆ. ಅಣ್ಣ ಆರು ಅಡಿ ಎರಡು ಇಂಚಿನ ಆಳು. ಬೀದಿಯವರೆಲ್ಲ ಅವನನ್ನು ಉದ್ದಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಗಳಿಗೆ ಬೋರ್ಡ್ ಬರೆಯುವುದು ಅವನ ಕಸುಬು. ಏಣಿ ಇಲ್ಲದೆ ಬಾಗಿಲ ಮೇಲಿನ ಬೋರ್ಡಿಗೆ ಕೈ ಎಟಕಿಸುವ ಪೇಂಟರ್ ಇವನೊಬ್ಬನೇ ಎಂದು ಅಂಗಡಿಯವರು ತಮಾಷೆ ಮಾಡುತ್ತಿದ್ದರು. ಆಮೇಲೆ ಯಂತ್ರದಲ್ಲಿ ಅಚ್ಚಾಗುವ ಬಟ್ಟೆಯ ಬೋರ್ಡುಗಳು ಬಂದವು, ಒಂದೊಂದೇ ಅಂಗಡಿ ಅವನ ಕೈಬಿಟ್ಟಿತು, ಕೊನೆಗೆ ಬಾಡಿಗೆಯ ಕೋಣೆಯೂ ಹೋಗಿ ಅಣ್ಣ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಬ್ರಷ್ಷುಗಳ ಚೀಲ ಹೊತ್ತು ಗೇಟಿನ ಮುಂದೆ ಬಂದು ನಿಂತ. ಎರಡು ತಿಂಗಳ ಮಟ್ಟಿಗೆ ಅಂದಿದ್ದ. ಮೇಲೆ ಇದ್ದದ್ದು ಎರಡೇ ಕೋಣೆ. ಅವನು ಅಣ್ಣನನ್ನು ಕೆಳಗೆ ಕರೆದುಕೊಂಡು ಬಂದು, ತೊಲೆಯ ಈಚೆಗೆ ನೆಟ್ಟಗೆ ನಿಂತು, ಎಷ್ಟು ವಿಶಾಲವಾಗಿದೆ ನೋಡು ಎಂದು ಎರಡೂ ಕೈ ಚಾಚಿ ತೋರಿಸಿದ್ದ. ಅವನು ಐದು ಅಡಿ ನಾಲ್ಕು ಇಂಚು. ಅವನ ತಲೆಗೂ ಚಾವಣಿಗೂ ಅರ್ಧ ಅಡಿ ಅಂತರವಿತ್ತು. ಅಣ್ಣ ಕತ್ತು ಓರೆ ಮಾಡಿ, ಹೆಗಲಿನಿಂದ ಚಾವಣಿಯನ್ನು ಎತ್ತಿ ಹಿಡಿದವನ ಹಾಗೆ ನಿಂತು ನಕ್ಕಿದ್ದ. "ನಿಂಗೆ ಅಂತಲೇ ಕಟ್ಟಿಸಿದ ಹಾಗಿದೆ ಕಣೋ ಗಿಡ್ಡ," ಅಂದಿದ್ದ.

ಮೊದಮೊದಲು ಅವರು ಊಟಕ್ಕೆ ಕೂತಾಗ ಕೆಳಗಿನಿಂದ ದಬ್ ಎಂದು ಸದ್ದು ಬರುತ್ತಿತ್ತು. ಹೆಂಡತಿಯ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ಅವನು ತಲೆ ಎತ್ತದೆ ಉಣ್ಣುತ್ತಿದ್ದ. ಒಂದಾರು ತಿಂಗಳಾದ ಮೇಲೆ ಆ ಸದ್ದು ನಿಂತಿತು. ಅಣ್ಣನಿಗೆ ಒಗ್ಗಿಹೋಗಿದೆ ಎಂದು ಅವನಿಗೆ ಸಮಾಧಾನವಾಗಿತ್ತು. ಆ ಒಗ್ಗುವಿಕೆ ಬೆನ್ನಿನ ಯಾವ ಮೂಳೆಯಲ್ಲಿ ಆಗಿದೆ ಎಂದು ಅವನು ಕೇಳಿಕೊಳ್ಳಲಿಲ್ಲ. ಕೆಳಗೆ ಊಟ ಒಯ್ಯುತ್ತಿದ್ದದ್ದು, ಕೂತು ಎರಡು ಮಾತಾಡಿ ಬರುತ್ತಿದ್ದದ್ದು ಹೆಂಡತಿ. ಅವನು ಏನಾದರೂ ಹೇಳುವುದಿದ್ದರೆ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಗುದ್ದುತ್ತಿದ್ದ, ಅಣ್ಣನೇ ಮೆಟ್ಟಿಲು ಹತ್ತಿ ಬರುತ್ತಿದ್ದ. ಒಮ್ಮೆ ಅವನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯ ಮಾಲೀಕ ಮನೆಗೆ ಬಂದು ಕೂತಿದ್ದಾಗ ಕೆಳಗೆ ಯಾರೋ ಕೆಮ್ಮಿದ್ದು ಕೇಳಿ, ಏನದು ಎಂದು ಕೇಳಿದ. ಅವನು ಬೆಕ್ಕು ಅಂದ. ಕೆಳಗೆ ಬೆಕ್ಕು ಸೇರಿಕೊಂಡಿದೆ, ಎಷ್ಟು ಓಡಿಸಿದರೂ ಹೋಗುವುದಿಲ್ಲ. ಮಾಲೀಕ ನಕ್ಕ. ಆ ಮಾತು ಹಲಗೆಯ ಸಂದಿಯಿಂದ ಕೆಳಗೆ ಇಳಿಯಿತೋ ಇಲ್ಲವೋ ಎಂಬುದನ್ನು ಅವನು ತಿಳಿಯಲು ಹೋಗಲಿಲ್ಲ. ಆದರೆ ಆಮೇಲೆ ಯಾರೇ ಬಂದರೂ ಕೆಳಗೆ ದೀಪ ಆರುತ್ತಿತ್ತು, ಕೆಮ್ಮು ಕೇಳಿಸುತ್ತಿರಲಿಲ್ಲ. ಮನುಷ್ಯ ಕೆಮ್ಮನ್ನು ಎಲ್ಲಿ ಅದುಮಿ ಇಟ್ಟುಕೊಳ್ಳುತ್ತಾನೆ? ದಿಂಬಿಗೆ ಬಾಯಿ ಕೊಟ್ಟೇ?

"ಹತ್ತೂಮುಕ್ಕಾಲು ಆಯ್ತು, ಶರ್ಟ್ ಬದಲಾಯಿಸ್ಕೊಳ್ಳಿ," ಎಂದು ಹೆಂಡತಿ ಮೇಲಿನಿಂದ ಕೂಗಿದಳು. ಅವನು ಟೇಪನ್ನು ಜೇಬಿಗೆ ಹಾಕಿಕೊಂಡು, ಹತ್ತಿ ಹೋಗುವ ಬದಲು ಅಲ್ಲೇ ನಿಂತ. ಹೊಸ ಸಿಮೆಂಟಿನ ವಾಸನೆ ಇನ್ನೂ ಇತ್ತು. ಈ ಎಲ್ಲ ಕೆಲಸ ಶುರುವಾದದ್ದು ಒಂದು ಕಾಗದದಿಂದ. ಅನುಮತಿ ಇಲ್ಲದ ನೆಲಮಾಳಿಗೆಯಲ್ಲಿ ಯಾರೋ ವಾಸವಾಗಿದ್ದಾರೆಂದು ಹೆಸರಿಲ್ಲದ ದೂರೊಂದು ಕಚೇರಿಗೆ ಹೋಗಿ, ಕಚೇರಿಯಿಂದ ಅವನಿಗೆ ನೋಟೀಸು ಬಂದಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನೋಟೀಸು ಕೈಯಲ್ಲಿ ಹಿಡಿದು ಓದುವ ಮೊದಲೇ ಅವನಿಗೆ ಬೆವರು ಕಿತ್ತಿತ್ತು. ಇದು ಸಾಮಾನು ಇಡುವ ಜಾಗ, ಯಾರೂ ವಾಸವಾಗಿಲ್ಲ, ಇನ್ನು ಮುಂದೆ ನಿಯಮದ ಪ್ರಕಾರ ಬಾಡಿಗೆ ಮನೆ ಮಾಡಲು ಅನುಮತಿ ಕೊಡಬೇಕು ಎಂದು ಉತ್ತರ ಬರೆದ. ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ಬಂದ ಮೇಲೆ, ಇಪ್ಪತ್ತಾರು ವರ್ಷ ಕೈಯಿಂದ ಅಂಚು ತಿದ್ದಿದವನು ಈಗ ಕೌಂಟರಿನಲ್ಲಿ ನಿಂತು ಫ್ರೇಮು ಒರೆಸುತ್ತಿದ್ದ. ಮುಂದಕ್ಕೆ ಏನಾದರೂ ಒಂದು ಆಸರೆ ಬೇಕೇ ಬೇಕಿತ್ತು. ಅಣ್ಣನಿಗೆ ಹೇಳಿದ್ದು ಮಾತ್ರ ಬೇರೆ. ನಾಲ್ಕು ತಿಂಗಳು ಎಲ್ಲಾದರೂ ಇರು, ನೆಲ ಇಳಿಸಿ ಎತ್ತರ ಮಾಡಿಸುತ್ತೇನೆ, ಬಂದು ನೆಟ್ಟಗೆ ನಿಲ್ಲುವೆಯಂತೆ, ಅಂದಿದ್ದ. ಹೇಳುವಾಗ ಅದು ಸುಳ್ಳಾಗಿರಲಿಲ್ಲ. ಅಥವಾ ಹೇಳುವಾಗ ಅದು ಸುಳ್ಳೋ ನಿಜವೋ ಎಂದು ಅವನು ನೋಡಿರಲಿಲ್ಲ. ಅಣ್ಣ ಊರಿನ ಇನ್ನೊಂದು ತುದಿಯಲ್ಲಿ, ಆರು ಮಂಚದ ಒಂದು ಕೋಣೆಯಲ್ಲಿ ಜಾಗ ಹಿಡಿದ.

ಮನೆಯನ್ನು ಎತ್ತೋಕಾಗಲ್ಲ ಸಾರ್, ನೆಲಾನೇ ಇಳಿಸಬೇಕು ಎಂದಿದ್ದ ಮೇಸ್ತ್ರಿ. ಗೋಡೆಯ ಬುಡವನ್ನು ಒಂದೇ ಸಲಕ್ಕೆ ಅಗೆದರೆ ಮನೆ ಕೂತುಬಿಡುತ್ತದೆ. ಗೋಡೆಯುದ್ದಕ್ಕೆ ಎರಡಡಿ ಅಗೆದು, ಅಡಿಪಾಯದ ಕೆಳಗೆ ಕಾಂಕ್ರೀಟು ತುಂಬಿ, ಅದು ಗಟ್ಟಿಯಾದ ಮೇಲೆ ಇನ್ನೆರಡಡಿ. ಬುಟ್ಟಿಗಟ್ಟಲೆ ಮಣ್ಣು ಮೆಟ್ಟಿಲು ಹತ್ತಿ ಹೋಯಿತು. ಆ ತಿಂಗಳುಗಳಲ್ಲಿ ಅವನು ಮೇಲೆ ನಡೆಯುವಾಗ ಪಾದ ಮೆಲ್ಲಗೆ ಇಡುತ್ತಿದ್ದ, ತನ್ನ ಭಾರಕ್ಕೇ ಮನೆ ಕುಸಿದೀತೆಂಬಂತೆ. ಬೆಂಕಿ ತಡೆಯುವ ಹಲಗೆ ಚಾವಣಿಗೆ ಬಂತು, ಹೊಗೆ ಕಂಡರೆ ಕೂಗುವ ಡಬ್ಬಿ ಬಂತು, ಮನುಷ್ಯ ಹೊರಗೆ ತೂರಿ ಹೋಗುವಷ್ಟು ದೊಡ್ಡ ಕಿಟಕಿ ಬಂತು, ಪಕ್ಕದ ಓಣಿಗೆ ಬೇರೆಯೇ ಬಾಗಿಲು ಬಂತು. ಇಷ್ಟೆಲ್ಲ ಬಂದ ಮೇಲೆ ಅಲ್ಲಿ ಅಣ್ಣನ ಮಂಚವನ್ನು ಮನಸ್ಸಿನಲ್ಲಿ ಎಲ್ಲಿ ಇಟ್ಟರೂ ಅದು ಜಾಗಕ್ಕೆ ಒಪ್ಪಲಿಲ್ಲ. ಮೂರು ವಾರದ ಹಿಂದೆ ಒಬ್ಬಳು ನರ್ಸು ಬಂದು ನೋಡಿ, ಗೋಡೆ ತಟ್ಟಿ, ನನಗೇ ಕೊಡಬೇಕು ಎಂದಳು. ಅವನು ಆಗಲಿ ಅಂದುಬಿಟ್ಟ. ಭಾವನಿಗೆ ಯಾವಾಗ ಹೇಳುತ್ತೀರಿ ಎಂದು ಹೆಂಡತಿ ವಾರಕ್ಕೊಮ್ಮೆ ಕೇಳುತ್ತಿದ್ದಳು. ಸರ್ಟಿಫಿಕೇಟು ಕೈಗೆ ಬರಲಿ ಎನ್ನುತ್ತಿದ್ದ ಅವನು.

ಇನ್ಸ್‌ಪೆಕ್ಟರ್ ಹೆಂಗಸು. ಕುಳ್ಳಗೆ, ಮಂಡಿ ನೋವಿನವರಂತೆ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದು ಬಂದರು. ಓಣಿಯ ಬಾಗಿಲನ್ನು ತೆರೆದೇ ಇಡಲು ಹೇಳಿ, ಬೆಂಕಿಪೊಟ್ಟಣದಷ್ಟೇ ಇರುವ ಅಳತೆಯ ಯಂತ್ರವೊಂದನ್ನು ನೆಲದ ಮೇಲಿಟ್ಟರು. ಚಾವಣಿಯ ಮೇಲೆ ಕೆಂಪು ಚುಕ್ಕೆ ಬಿತ್ತು. ಯಂತ್ರ ಕುಂಯ್ ಎಂದಿತು, ಅವರು ಬರೆದುಕೊಂಡರು. ಅವನು ತಾನು ತಾಸುಗಟ್ಟಲೆ ಟೇಪು ಹಿಡಿದು ಕುಣಿದದ್ದನ್ನು ನೆನೆದು ಒಳಗೇ ನಾಚಿದ. ಕಿಟಕಿಯ ಚಿಲಕವನ್ನು ಅವರು ತಾವೇ ಎಳೆದು ನೋಡಿದರು, ಹೊಗೆಡಬ್ಬಿಯ ಗುಂಡಿ ಒತ್ತಿ ಅದು ಕಿರುಚುವುದನ್ನು ಕೇಳಿದರು. ಆಮೇಲೆ ಯಂತ್ರವನ್ನು ತೊಲೆಯ ಕೆಳಗೆ ಇಟ್ಟರು. ಕುಂಯ್. ಸರಿಯಾಗಿದೆ, ಸರಿಯಾಗಿ ಅಷ್ಟೇ ಇದೆ ಎಂದು ಅವರು ಹುಬ್ಬೇರಿಸಿದರು. ಬೀಸುವ ದೊಣ್ಣೆ ತಪ್ಪಿತು ಎಂದುಕೊಳ್ಳುವಷ್ಟರಲ್ಲಿ ಅವರ ಕಣ್ಣು ಕಲೆಯ ಮೇಲೆ ನಿಂತಿತ್ತು. ನೀರು ಸೋರುತ್ತದೆಯೇ ಎಂದು ಕೇಳಿದರು. ಇಲ್ಲ, ಹಳೆಯ ಎಣ್ಣೆ ಡಬ್ಬಗಳನ್ನು ನೇತುಹಾಕುತ್ತಿದ್ದೆವು ಅಂದ. ತೊಲೆಗೆ ಎಣ್ಣೆ ಡಬ್ಬ ಯಾರಾದರೂ ನೇತುಹಾಕುತ್ತಾರೆಯೇ ಎಂದು ಹೇಳಿದ ಮೇಲೆ ಹೊಳೆಯಿತು. ಅವರು ಮಾತು ಬೆಳೆಸಲಿಲ್ಲ. ಓಣಿಯ ಬಾಗಿಲನ್ನು ಎಳೆದು ಹೊರಮೈ ನೋಡಿ, ಮನೆಯ ನಂಬರು ಎಲ್ಲಿ ಎಂದರು. ಪ್ರತ್ಯೇಕ ಮನೆಯಾದ ಮೇಲೆ ಬಾಗಿಲ ಮೇಲೆ ಪ್ರತ್ಯೇಕ ನಂಬರು ಇರಬೇಕು, ಅರ್ಜಿಯಲ್ಲೇ ಇದೆಯಲ್ಲ. ಅವನಿಗೆ ಮರೆತೇ ಹೋಗಿತ್ತು. ನಂಬರು ಇಲ್ಲದಿದ್ದರೆ ಇನ್ನೊಂದು ಸಲ ಬರಬೇಕಾಗುತ್ತದೆ, ಆ ತಾರೀಖು ಯಾವಾಗ ಸಿಗುತ್ತದೋ ಹೇಳಲಾರೆ ಎಂದು ಅವರು ಬೇಸರದಿಂದಲೇ ಹೇಳಿ, ಫೈಲಿನ ಹಾಳೆ ತಿರುಗಿಸಿದರು.

"ಇದರಲ್ಲಿ ಒಂದು ಹಳೇ ದೂರಿದೆ," ಅಂದರು. "ಇಲ್ಲಿ ಮುಂಚೆ ಯಾರಾದ್ರೂ ವಾಸ ಇದ್ರಾ?"

"ಇಲ್ಲ ಮೇಡಂ. ಯಾರೂ ಇರ್ಲಿಲ್ಲ."

"ಯಾವತ್ತೂ?"

"ಯಾವತ್ತೂ ಇಲ್ಲ. ಇಲ್ಲಿ ಮನುಷ್ಯರು ಇರೋಕಾಗ್ತಿತ್ತಾ ಮೇಡಂ, ತಲೆ ಎತ್ತಿದ್ರೆ ಬಡೀತಿತ್ತು." ಹೇಳಿ ಅವನು ಸಣ್ಣಗೆ ನಕ್ಕ ಕೂಡ.

ಆಗ ಕೋಣೆಯ ಬೆಳಕು ಕಡಿಮೆಯಾಯಿತು. ಓಣಿಯ ಬಾಗಿಲಲ್ಲಿ, ಮೆಟ್ಟಿಲ ಮೇಲೆ, ಅಣ್ಣ ನಿಂತಿದ್ದ. ಹೆಗಲಲ್ಲಿ ಬ್ರಷ್ಷುಗಳ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಏನೋ. ನಾಲ್ಕು ತಿಂಗಳಲ್ಲಿ ಗಡ್ಡ ಪೂರಾ ಬೆಳ್ಳಗಾಗಿತ್ತು, ಶರ್ಟಿನ ಕಾಲರು ಒಗೆದು ಒಗೆದು ನೂಲೆದ್ದಿತ್ತು. ಆದರೂ ಎಲ್ಲಿಗೋ ಹೋಗಲು ತಯಾರಾಗಿ ಬಂದವನ ಹಾಗೆ ತಲೆ ಬಾಚಿಕೊಂಡಿದ್ದ. ಇನ್ಸ್‌ಪೆಕ್ಟರ್ ತಿರುಗಿ, ಯಾರು ನೀವು ಎಂದು ಕೇಳಿದರು. ಅಣ್ಣ ಅವನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಣ್ಣವನಿದ್ದಾಗ ತರಗತಿಯಲ್ಲಿ ಉತ್ತರ ಗೊತ್ತಿಲ್ಲದೆ ಎದ್ದು ನಿಂತ ತಮ್ಮನನ್ನು ಕಿಟಕಿಯಾಚೆಯಿಂದ ನೋಡಿ, ಹೇಳು, ನಿನಗೆ ಗೊತ್ತಿದೆ ಹೇಳು ಎಂದು ತುಟಿಯಾಡಿಸುತ್ತಿದ್ದನಲ್ಲ, ಅಂಥ ಕಾಯುವ ನೋಟ. ಅವನು ಬಾಯಿ ತೆರೆದ. ಬಂದ ಮಾತು ಅವನದೇ ಧ್ವನಿಯಲ್ಲಿ, ಅವನ ಅಪ್ಪಣೆ ಕೇಳದೆ ಬಂತು.

"ಪೇಂಟರು ಮೇಡಂ. ನಂಬರ್ ಬರೆಯೋಕೆ ಕರೆಸಿದ್ದೆ."

ಅಣ್ಣ ಚೀಲವನ್ನು ಹೆಗಲಿನಿಂದ ಇಳಿಸಿದ. "ಹೌದು ಮೇಡಂ," ಅಂದ. ತಮ್ಮನ ಕಡೆ ತಿರುಗಿ, "ಎಷ್ಟು ನಂಬರು ಸಾರ್? ಹೇಳಿದ್ರೆ ಬರೀತೀನಿ," ಅಂದ.

ಒಂಬತ್ತು ವರ್ಷ ಅದೇ ಮನೆಯ ವಿಳಾಸಕ್ಕೆ ಅಣ್ಣನ ಹೆಸರಿನ ಕಾಗದಗಳು ಬಂದಿದ್ದವು. ಅವನು ನಂಬರು ಹೇಳಿದ. ಹೇಳುವಾಗ ಕೊನೆಯ ಅಂಕಿ ಸರಿಯಾಗಿ ಹೊರಡಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ಇನ್ಸ್‌ಪೆಕ್ಟರಿಗೆ ಖುಷಿಯಾಯಿತು. ಹಾಗಾದರೆ ಈಗಲೇ ಬರೆದುಬಿಡಿ, ನಾನು ಇನ್ನೊಮ್ಮೆ ಬರುವುದು ತಪ್ಪುತ್ತದೆ, ಎರಡು ಇಂಚಿಗಿಂತ ಸಣ್ಣದಾಗಬಾರದು ಎಂದರು. ಅಣ್ಣ ಬಣ್ಣದ ಡಬ್ಬಿ ತೆರೆಯಲು ಚೂರು ಬಟ್ಟೆ ಬೇಕೆಂದು ಒಳಗೆ ಬಂದ. ಕೆಲಸದವರು ಬಿಟ್ಟುಹೋದ ಬಟ್ಟೆ ಆಚೆ ಮೂಲೆಯಲ್ಲಿ ಬಿದ್ದಿತ್ತು. ಅಣ್ಣ ನೇರವಾಗಿ ನಡೆದ, ತೊಲೆ ಇನ್ನೂ ಎರಡು ಹೆಜ್ಜೆ ದೂರವಿರುವಾಗಲೇ, ಅದರತ್ತ ಕಣ್ಣೆತ್ತಿಯೂ ನೋಡದೆ, ಸೊಂಟದಿಂದ ಮೇಲೆ ಇಡೀ ಮೈ ಬಗ್ಗಿಸಿ, ಆಚೆ ಹೋದ ಮೇಲೆ ಅರ್ಧಕ್ಕೆ ಎದ್ದು ಮುಂದೆ ಸಾಗಿದ. ಬಟ್ಟೆ ತೆಗೆದುಕೊಂಡು ಬರುವಾಗಲೂ ಹಾಗೆಯೇ.

"ಬಗ್ಗೋದು ಬೇಡ, ಈಗ ಎತ್ತರ ಸರಿಯಿದೆ," ಅಂದರು ಇನ್ಸ್‌ಪೆಕ್ಟರ್.

"ಅಭ್ಯಾಸ ಮೇಡಂ," ಅಂದ ಅಣ್ಣ.

ಅವರ ಪೆನ್ನು ಕಾಗದದ ಮೇಲೆ ನಿಂತಿತು. ಅವರು ತೊಲೆಯ ಕಲೆಯನ್ನು ನೋಡಿದರು. ಬಾಗಿಲ ಬಳಿ ಕೂತು ಡಬ್ಬಿಯ ಮುಚ್ಚಳ ಮೀಟುತ್ತಿದ್ದವನ ನೆತ್ತಿಯನ್ನು, ಅಲ್ಲಿ ಕೂದಲು ಉದುರಿ ಗಟ್ಟಿಯಾಗಿದ್ದ ಚರ್ಮವನ್ನು ನೋಡಿದರು. ಕೊನೆಗೆ ಮನೆಯೊಡೆಯನನ್ನು. ಸರ್ಕಾರಿ ಕಚೇರಿಗಳಲ್ಲಿ ಅವನು ಎಷ್ಟೋ ಥರದ ನೋಟಗಳನ್ನು ಎದುರಿಸಿದ್ದ, ಅಸಡ್ಡೆಯದು, ಆಸೆಯದು. ಇಂಥ ಮೆತ್ತಗಿನದನ್ನು ಕಂಡಿರಲಿಲ್ಲ. ಅವರಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ಹಿಂದೆ ಯಾರಾದರೂ ವಾಸವಿದ್ದರೆ ಅದಕ್ಕೆ ಬೇರೆ ಕಾಲಂ ಇದೆ, ಫೈಲು ಇನ್ನೊಂದು ಟೇಬಲ್ಲಿಗೆ ಹೋಗುತ್ತದೆ, ತಡವಾಗುತ್ತದೆ, ಆದರೆ ಆಗದೇ ಇರುವುದಿಲ್ಲ ಎಂದು ಅವರು ಯಾರಿಗೂ ಹೇಳದವರ ಹಾಗೆ, ಕಾಗದವನ್ನೇ ನೋಡುತ್ತ ಹೇಳಿದರು. ಹೇಳಿ ತಲೆ ಎತ್ತಿದರು.

"ಯಾರೂ ಇರ್ಲಿಲ್ಲ ಅಂತ ಬರ್ಕೊಳ್ಳಲಾ?"

ಅಣ್ಣ ಬ್ರಷ್ಷಿನ ಕೂದಲನ್ನು ಬೆರಳಲ್ಲಿ ನೇರ ಮಾಡುತ್ತಿದ್ದ. ಅದು ಆಗಲೇ ನೇರವಾಗಿತ್ತು. ಅವನಿಗೆ ನರ್ಸಿನ ಮುಖ, ಇನ್ನೊಂದು ಟೇಬಲ್ಲು, ಅದರಾಚೆ ಮತ್ತೊಂದು ಟೇಬಲ್ಲು, ಅಂಗಡಿಯ ಕೌಂಟರು, ಇದೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಒಂದು ಮಾತು, ಹೌದು, ನನ್ನಣ್ಣ ಇದ್ದ, ಎಂಬ ಮಾತು ಗಂಟಲವರೆಗೆ ಬಂದದ್ದೂ ನಿಜ. ಅದರ ಭಾರ ಅವನಿಗೆ ತಿಳಿಯಿತು, ರುಚಿಯೂ ತಿಳಿಯಿತು.

"ಬರ್ಕೊಳ್ಳಿ," ಅಂದ.

ಹೆಂಡತಿ ಟ್ರೇಯಲ್ಲಿ ಎರಡು ಲೋಟ ಚಹಾ ಹಿಡಿದು ಇಳಿದು ಬಂದದ್ದು ಆಗಲೇ. ಕೊನೆಯ ಮೆಟ್ಟಿಲಲ್ಲಿ ಅವಳಿಗೆ ಅಣ್ಣ ಕಂಡ. ಮುಖ ಅರಳಿತು, "ಭಾ" ಎನ್ನುವಷ್ಟರಲ್ಲಿ ಅವನು ಎರಡು ಹೆಜ್ಜೆ ಮುಂದೆ ನುಗ್ಗಿ, ಪೇಂಟರಿಗೂ ಒಂದು ಲೋಟ ತಾ ಎಂದು ಜೋರಾಗಿ ಹೇಳಿದ. ಅವಳು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಅರ್ಥ ಆಗುತ್ತ ಹೋದ ಹಾಗೆ ಅವಳ ಕೆಳತುಟಿ ಬಿಗಿಯಾಯಿತು. ಒಂದು ಲೋಟವನ್ನು ಇನ್ಸ್‌ಪೆಕ್ಟರಿಗೆ ಕೊಟ್ಟಳು, ಗಂಡನಿಗೆಂದು ತಂದ ಇನ್ನೊಂದನ್ನು ಬಾಗಿಲ ಬಳಿ ಒಯ್ದು, ಎರಡೂ ಕೈಯಲ್ಲಿ ಹಿಡಿದು ಅಣ್ಣನಿಗೆ ಕೊಟ್ಟು, ಮೆಟ್ಟಿಲು ಹತ್ತಿ ಹೋದಳು. ಮೇಲೆ ಅಡುಗೆಮನೆಯ ನಲ್ಲಿ ತೆರೆದ ಸದ್ದು ಕೇಳಿಸಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಅಣ್ಣ ಬರೆದ. ಪೆನ್ಸಿಲ್ ಗೆರೆ ಇಲ್ಲ, ಅಳತೆಪಟ್ಟಿ ಇಲ್ಲ, ಎಡಗೈಯನ್ನು ಬಾಗಿಲಿಗೆ ಊರಿ ಬಲಗೈಯನ್ನು ಅದರ ಮೇಲಿಟ್ಟು ಒಂದೊಂದು ಅಂಕಿಯನ್ನೂ ಒಂದೇ ಎಳೆತಕ್ಕೆ ಮುಗಿಸಿದ. ಕೈ ಮಾತ್ರ ಹಳೆಯದೇ, ಒಂದಿಷ್ಟೂ ನಡುಗಲಿಲ್ಲ. ನೋಡುತ್ತ ನಿಂತ ಇನ್ಸ್‌ಪೆಕ್ಟರ್, ಇಂಥ ಕೈಬರಹ ಈಗ ಎಲ್ಲಿ ಸಿಗುತ್ತದೆ ಎಂದರು. ಸಹಿ ಹಾಕಿ, ವಾಸಯೋಗ್ಯ ಎಂಬ ಪದದ ಎದುರಿನ ಚೌಕದಲ್ಲಿ ಗುರುತು ಮಾಡಿ ಒಂದು ಪ್ರತಿ ಅವನಿಗೆ ಕೊಟ್ಟರು. ಅವನು ಅವರನ್ನು ಗೇಟಿನವರೆಗೆ ಬಿಡಲು ಹೋದ. ಗೇಟಿನ ಪಕ್ಕದಲ್ಲಿ, ಕಾಂಪೌಂಡಿಗೆ ಒರಗಿಸಿ, ಹಗ್ಗ ಕಟ್ಟಿದ ಒಂದು ಹಾಸಿಗೆ ಸುರುಳಿ ಇತ್ತು, ಅದರ ಮೇಲೆ ಟ್ರಂಕು. ಟ್ರಂಕಿನ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿದ ಹೊಸ ಬಲ್ಬು. ಇನ್ಸ್‌ಪೆಕ್ಟರ್ ಅದನ್ನು ಬಳಸಿಕೊಂಡು ಹೋಗಿ ತಮ್ಮ ಗಾಡಿ ಹತ್ತಿದರು. ನಾಲ್ಕು ತಿಂಗಳು ಇವತ್ತಿಗೆ ಮುಗಿಯುತ್ತದೆ ಎಂಬುದು ಅವನಿಗೆ ಆಗ ಲೆಕ್ಕಕ್ಕೆ ಬಂತು.

ಕೆಳಗೆ ಹೋದಾಗ ಅಣ್ಣ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ಅವನು ಕಾಗದವನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತ. "ಅಣ್ಣಾ, ಆಯಮ್ಮ ಹಾಗೆ ಕೇಳ್ತಾಳೆ ಅಂತ ಗೊತ್ತಿರ್ಲಿಲ್ಲ," ಅಂದ. "ಬೇರೆ ದಾರಿ ಇರ್ಲಿಲ್ಲ."

"ಒದ್ದೆ ಇದೆ, ಸಾಯಂಕಾಲದವರೆಗೂ ಮುಟ್ಟಬೇಡಿ," ಅಂದ ಅಣ್ಣ.

ಅವರು ಹೋದರು, ಇನ್ನು ಹೀಗೆ ಮಾತಾಡಬೇಕಾಗಿಲ್ಲ ಎಂದು ಅವನು ಹೇಳಿದ. ಅಣ್ಣ ಹೂಂ ಎಂದ, ಒಳ್ಳೆಯ ಹೆಂಗಸು ಎಂದ. "ಬಾಗಿಲು ಕೆಳಗೆ ಸ್ವಲ್ಪ ಉಜ್ಜತ್ತೆ. ಮೇಸ್ತ್ರಿಗೆ ಹೇಳಿ ಕೆರೆಸಿಬಿಡಿ. ಬರೋರಿಗೆ ತೊಂದ್ರೆ ಆಗಬಾರದಲ್ಲ." ಧ್ವನಿಯಲ್ಲಿ ಕುಟುಕು ಇದೆಯೇ ಎಂದು ಅವನು ಕಿವಿಗೊಟ್ಟು ಹುಡುಕಿದ. ಕುಟುಕು ಇದ್ದಿದ್ದರೆ ಹಿಡಿದುಕೊಳ್ಳಬಹುದಿತ್ತು, ಜಗಳ ತೆಗೆಯಬಹುದಿತ್ತು, ಕಾಲಿಗೆ ಬೀಳಬಹುದಿತ್ತು. ಅಂಗಡಿಯವರ ಬೋರ್ಡು ಮುಗಿಸಿ ಹೊರಡುವಾಗ ಅಣ್ಣ ಎಲ್ಲರಿಗೂ ಹೇಳುತ್ತಿದ್ದ ಥರದ್ದೇ ಮಾತು ಅದು, ಅದೇ ಮರ್ಯಾದೆ, ಅಷ್ಟೇ ದೂರ. ಅಣ್ಣ ಲೋ ಗಿಡ್ಡ ಎನ್ನಲೆಂದು ಅವನು ಕಾದ. ಹಾಸಿಗೆ ತಂದಿದ್ದೀಯಲ್ಲ ಎಂದು ಕೇಳಿದ. ಬೇರೆ ಕಡೆ ಹೋಗುವವನಿದ್ದೆ, ದಾರಿಯಲ್ಲಿತ್ತು, ನೋಡಿ ಹೋಗೋಣವೆಂದು ಬಂದೆ, ಎಂದು ಅಣ್ಣ ಚೀಲದ ದಾರ ಎಳೆದು ಕಟ್ಟಿದ. ಇರು, ಇಲ್ಲೇ ಇರು, ನರ್ಸಿಗೆ ಇಲ್ಲವೆಂದು ಹೇಳುತ್ತೇನೆ ಎಂಬ ವಾಕ್ಯ ಅವನ ತಲೆಯಲ್ಲಿ ಪೂರ್ತಿಯಾಗಿಯೇ ಇತ್ತು. ಆದರೆ ಅದರ ಬೆನ್ನಿಗೇ, ಫೈಲು ಇನ್ನೂ ಕಚೇರಿ ತಲುಪಿಲ್ಲ, ಆಯಮ್ಮನ ಗಾಡಿ ಇನ್ನೂ ಬೀದಿಯ ತಿರುವಿನಲ್ಲೇ ಇರಬಹುದು ಎಂಬ ಇನ್ನೊಂದು ವಾಕ್ಯವೂ ಇತ್ತು.

"ಒಂದೆರಡು ವಾರ ಬಿಟ್ಟು..." ಅಂದ.

"ಬೇಡಿ," ಅಂದ ಅಣ್ಣ. ಖಾಲಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ, ಬೀಳದ ಹಾಗೆ ಒಳಕ್ಕೆ ಸರಿಸಿ ಇಟ್ಟು, ಮೆಟ್ಟಿಲು ಹತ್ತಿದ.

ಅವನು ತಡವಾಗಿ ಹಿಂದೆ ಹೊರಟ. ಗೇಟಿಗೆ ಬರುವಷ್ಟರಲ್ಲಿ ಅಣ್ಣ ಹಾಸಿಗೆಯನ್ನು ಹೆಗಲಿಗೇರಿಸಿ, ಟ್ರಂಕನ್ನು ಕೈಯಲ್ಲಿ ಹಿಡಿದು ಬೀದಿಗೆ ಇಳಿದಿದ್ದ. ಹಾಡುಹಗಲು, ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ, ಆದರೂ ಕತ್ತನ್ನು ಒಂದು ಕಡೆಗೆ ಓರೆ ಮಾಡಿ, ಮಂಡಿ ತುಸು ಮಡಿಸಿಕೊಂಡೇ ನಡೆಯುತ್ತಿದ್ದ. ಔಷಧಿ ಅಂಗಡಿ ದಾಟಿದ, ಹೊಲಿಗೆ ಅಂಗಡಿ ದಾಟಿದ. ಇನ್ನು ನಾಲ್ಕು ಹೆಜ್ಜೆಗೆ ತಿರುವು. ಅವನು ಗೇಟಿನ ಕಂಬಿ ಹಿಡಿದುಕೊಂಡು, ಬೀದಿಯವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದು, ಒಂಬತ್ತು ವರ್ಷಗಳಲ್ಲಿ ಒಂದು ಸಲವೂ ಕೂಗದಷ್ಟು ಗಟ್ಟಿಯಾಗಿ ಕೂಗಿದ.

"ಅಣ್ಣಾ!"

ಗ್ಯಾಸ್ ಸಿಲಿಂಡರು ಹೊತ್ತ ಸೈಕಲ್ಲಿನವನೊಬ್ಬ ಬ್ರೇಕು ಹಾಕಿ ತಿರುಗಿದ. ಹೊಲಿಗೆ ಅಂಗಡಿಯವನು ಸೂಜಿ ನಿಲ್ಲಿಸಿ ತಲೆ ಎತ್ತಿದ. ಹಾಸಿಗೆ ಹೊತ್ತವನು ತಿರುವು ದಾಟಿ ಹೋದ. ಸೈಕಲ್ಲಿನವನು "ನನ್ನ ಕರೆದ್ರಾ ಸಾರ್?" ಎಂದು ಕೇಳಿದ. ಅವನು ಹೂಂ ಅಂದ, ಆಮೇಲೆ ಇಲ್ಲ ಅಂದ. ಆ ಮನುಷ್ಯ ಒಂದು ಕಾಲನ್ನು ನೆಲಕ್ಕೂರಿ, ಇವನು ಇನ್ನೇನಾದರೂ ಹೇಳುತ್ತಾನೆಂದು ಕಾಯುತ್ತ ನಿಂತ.